ಜೋನ್ ವಾಲ್ವ್
ಅಮೆರಿಕ, ಕೆನಡಾಗಳ ಚಳಿಪ್ರದೇಶದ ಮನೆಗಳಲ್ಲಿ ಬಾಯ್ಲರಿನ ಬಿಸಿನೀರನ್ನು ಬೇಕಾದ ಕೋಣೆಗಳಿಗಷ್ಟೇ ಹರಿಸುವ ಕವಾಟ. ಥರ್ಮೋಸ್ಟಾಟ್ ಸೂಚಿಸಿದೊಡನೆ 24 ವೋಲ್ಟ್ ವಿದ್ಯುತ್ತಿನಿಂದ ತೆರೆಯುತ್ತದೆ. ತೆರೆದ ಮೇಲೆ ಒಳಗಿನ ಎಂಡ್ ಸ್ವಿಚ್ ಬಾಯ್ಲರಿಗೆ ಸಂಕೇತ ಕಳಿಸುತ್ತದೆ.

ಆಯ್ಕೆಯಲ್ಲಿ ಕೊಳವೆಯ ಅಳತೆಯಷ್ಟೇ ವಿದ್ಯುತ್ ಲೆಕ್ಕವೂ ಮುಖ್ಯ. ಟ್ಯಾಕೋ ಕಂಪನಿಯ 570 ಸರಣಿಯದು ಬಿಸಿಗೆ ಹಿಗ್ಗುವ ಮೇಣದ ಬಲದಿಂದ ನಿಧಾನವಾಗಿ ತೆರೆಯುವ ಬಗೆ. ಈ 24 ವೋಲ್ಟ್ ಒದಗಿಸುವ 40 ವಿಎ (ವೋಲ್ಟ್-ಆಂಪಿಯರ್) ಟ್ರಾನ್ಸ್‌ಫಾರ್ಮರಿಗೆ ಅಂಥವು ಮೂರನ್ನು ಮೀರಬಾರದು. ಹನಿವೆಲ್ಲಿನ ಮೋಟಾರು-ಸ್ಪ್ರಿಂಗ್ ಬಗೆ ಕಡಿಮೆ ವಿದ್ಯುತ್ತಿನಲ್ಲೇ ನಡೆಯುತ್ತದೆ.

ಕೋಣೆ ತಣ್ಣಗಿದ್ದರೆ ಮೊದಲು ವಾಲ್ವಿನ ತಂತಿಗಳಲ್ಲಿ 24 ವೋಲ್ಟ್ ಇದೆಯೇ ಎಂದು ಮೀಟರು ಹಿಡಿದು ನೋಡಬೇಕು. ಇದ್ದೂ ತೆರೆಯದಿದ್ದರೆ ದೋಷ ಹೆಚ್ಚಾಗಿ ಮೇಲಿನ ಮೋಟಾರು ಭಾಗದ್ದು. ತೆರೆದರೂ ಬಾಯ್ಲರು ಉರಿಯದಿದ್ದರೆ ಎಂಡ್ ಸ್ವಿಚ್ ಪರೀಕ್ಷಿಸಬೇಕು. ಥರ್ಮೋಸ್ಟಾಟ್ ಸೂಚಿಸದೆಯೂ ಕೋಣೆ ಬಿಸಿಯಾಗುತ್ತಿದ್ದರೆ ಕವಾಟ ಪೂರ್ತಿ ಮುಚ್ಚುತ್ತಿಲ್ಲ. ಕಸ ಸಿಕ್ಕಿರಬಹುದು, ಕೈಯಿಂದ ತೆರೆಯುವ ಸನ್ನೆಕೋಲು ತೆರೆದ ಸ್ಥಿತಿಯಲ್ಲೇ ಉಳಿದಿರಬಹುದು.

ಅನೇಕ ಮಾದರಿಗಳಲ್ಲಿ ನೀರು ಖಾಲಿ ಮಾಡದೆಯೇ ಮೋಟಾರು ಭಾಗವನ್ನು ಬದಲಿಸಬಹುದು.