ಹಿಂದಿನ ಸೀಟಿನಿಂದ ಕಂಡ ಜೀಪು

ನಮ್ಮ ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯಲ್ಲಿ ಚೌಕ ಮೂತಿಯ, ಎತ್ತರ ಗಾಲಿಯ ಯಾವ ಗಾಡಿ ಬಂದರೂ ಅದಕ್ಕೆ ಜೀಪು ಎಂದೇ ಹೆಸರು. ಯಾವ ಕಂಪನಿ, ಯಾವ ವರ್ಷದ್ದು ಎಂದು ಯಾರೂ ಕೇಳುವುದಿಲ್ಲ. ಕೇಳುವವರಿದ್ದರೆ ಅವರು ಗಂಡಸರು. ಅವರ ಮಾತು ಎಂಜಿನ್ನಿನಿಂದ ಶುರುವಾಗಿ ಫೋರ್‌ವೀಲಿನ ಹತ್ತಿರ ಮುಗಿಯುತ್ತದೆ. ಕಾರಣ, ಅವರು ಕೂರುವುದು ಮುಂದೆ. ಹೆಂಗಸರು, ಮಕ್ಕಳು, ರೋಗಿಗಳು, ಅಕ್ಕಿಮೂಟೆ ಇವೆಲ್ಲ ಹಿಂದೆ. ಜೀಪಿನ ಚರಿತ್ರೆಯನ್ನು ಬರೆದವರೆಲ್ಲ ಸ್ಟೀರಿಂಗ್ ಹಿಡಿದವರೇ ಆದದ್ದರಿಂದ ಹಿಂದಿನ ಉದ್ದ ಸೀಟಿನ ಕಥೆ ಅದರಲ್ಲಿ ಬಂದಿಲ್ಲ. ಆ ಕಥೆಯನ್ನು ನನಗೆ ತಿಳಿದಷ್ಟು ಹೇಳೋಣ ಎನ್ನಿಸಿತು.

ಇದಕ್ಕೆ ಕಾರಣಳಾದವಳು ನನ್ನ ಹಳೆಯ ವಿದ್ಯಾರ್ಥಿನಿ ಒಬ್ಬಳು. ಹನೂರಿನ ಆಚೆ ಕಾಡಂಚಿನ ಊರಿಗೆ ಸೊಸೆಯಾಗಿ ಹೋದವಳು, ಈಗ ಅಲ್ಲಿನ ಸ್ತ್ರೀಶಕ್ತಿ ಸಂಘದ ಲೆಕ್ಕ ಬರೆಯುತ್ತಾಳೆ. ಅವಳ ನಾದಿನಿಗೆ ಆಸ್ಪತ್ರೆಗೆ ಹೋಗುವ ದಾರಿಯಲ್ಲಿ, ಗಾಡಿಯಲ್ಲೇ ಹೆರಿಗೆಯಾಗಿ ಮಗು ಉಳಿಯಲಿಲ್ಲ. ಆ ಮೇಲೆ ಸಂಘದ ಹೆಂಗಸರು ತಮ್ಮ ಉಳಿತಾಯದಲ್ಲಿ ಊರಿಗೊಂದು ಹಳೆಯ ಜೀಪು ಕೊಳ್ಳಬೇಕೆಂದು ತೀರ್ಮಾನಿಸಿದರು. “ಯಾವುದು ಕೊಳ್ಳಬೇಕು ಟೀಚರ್?” ಎಂದು ನನ್ನನ್ನು ಕೇಳಿದಳು. ಚರಿತ್ರೆ ಪಾಠ ಮಾಡುವವಳಿಗೆ ಇದೆಂಥ ಪ್ರಶ್ನೆ ಎನ್ನಬೇಡಿ. ನಮ್ಮ ತಂದೆ ಸರ್ಕಾರಿ ಜೀಪಿನ ಡ್ರೈವರಾಗಿದ್ದವರು. ಭಾನುವಾರಗಳಂದು ಅವರು ಗಾಡಿಯ ಕೆಳಗೆ ಮಲಗಿ ಸ್ಪ್ಯಾನರ್ ಕೇಳಿದರೆ ನಂಬರ್ ನೋಡಿ ಕೊಡುವ ಕೆಲಸ ನನ್ನದಾಗಿತ್ತು.

ಜೀಪು ಹುಟ್ಟಿದ್ದು ಯುದ್ಧಕ್ಕಾಗಿ. 1940ರ ಬೇಸಿಗೆಯಲ್ಲಿ ಅಮೆರಿಕದ ಸೈನ್ಯ, ಕುದುರೆಯ ಬದಲಿಗೆ ಓಡಾಡಲು ಹಗುರವಾದ, ನಾಲ್ಕು ಗಾಲಿಗೂ ಶಕ್ತಿ ಹೋಗುವ ಪುಟ್ಟ ಗಾಡಿ ಬೇಕೆಂದು ಕಂಪನಿಗಳನ್ನು ಕೇಳಿತು. ಬ್ಯಾಂಟಮ್ ಎಂಬ ಸಣ್ಣ ಕಂಪನಿ 49 ದಿನಗಳಲ್ಲಿ ಮೊದಲ ಮಾದರಿಯನ್ನು ಕಟ್ಟಿ ಸೆಪ್ಟೆಂಬರ್ 23ರಂದು ಒಪ್ಪಿಸಿತು. ಆದರೆ 1941ರಲ್ಲಿ ದೊಡ್ಡ ಗುತ್ತಿಗೆ ಸಿಕ್ಕಿದ್ದು ವಿಲ್ಲಿಸ್ ಕಂಪನಿಗೆ, ಅದರ ಜೊತೆಗೆ ಫೋರ್ಡ್‌ಗೆ. ಯುದ್ಧ ಮುಗಿಯುವ ಹೊತ್ತಿಗೆ ಆರು ಲಕ್ಷಕ್ಕೂ ಹೆಚ್ಚು ಜೀಪುಗಳು ತಯಾರಾಗಿದ್ದವು. ಅದರ ಮುಂದಿನ ಗಾಲಿಯ ನಡುವಿನಿಂದ ಹಿಂದಿನ ಗಾಲಿಯ ನಡುವಿಗೆ 80 ಇಂಚು, ಎಂದರೆ ಆರೂಮುಕ್ಕಾಲು ಅಡಿಗೂ ಸ್ವಲ್ಪ ಕಡಿಮೆ. ಈ ಅಂತರಕ್ಕೆ ವ್ಹೀಲ್‌ಬೇಸ್ ಎನ್ನುತ್ತಾರೆ. ಅದು ಗಿಡ್ಡವಾಗಿದ್ದಷ್ಟೂ ಗಾಡಿ ಇಕ್ಕಟ್ಟಿನಲ್ಲಿ ತಿರುಗುತ್ತದೆ, ದಿಬ್ಬ ಹತ್ತಿ ಇಳಿಯುವಾಗ ಹೊಟ್ಟೆ ನೆಲಕ್ಕೆ ತಾಗುವುದಿಲ್ಲ. 1948ರಲ್ಲಿ ಇಂಗ್ಲೆಂಡಿನಲ್ಲಿ ಹೊರಬಂದ ಲ್ಯಾಂಡ್‌ರೋವರ್ ಕೂಡ ಅದೇ 80 ಇಂಚನ್ನು ಹಿಡಿಯಿತು.

ನಮ್ಮ ದೇಶದಲ್ಲಿ 1945ರಲ್ಲಿ ಮಹೀಂದ್ರ ಅಂಡ್ ಮಹಮ್ಮದ್ ಎಂಬ ಹೆಸರಿನಿಂದ ಒಂದು ಉಕ್ಕಿನ ವ್ಯಾಪಾರದ ಕಂಪನಿ ಆರಂಭವಾಯಿತು. ಪಾಲುದಾರರಾದ ಗುಲಾಂ ಮಹಮ್ಮದರು ದೇಶ ಇಬ್ಭಾಗವಾದಾಗ ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಹಣಕಾಸು ಮಂತ್ರಿಯಾದರು. 1948ರಲ್ಲಿ ಕಂಪನಿಯ ಹೆಸರು ಮಹೀಂದ್ರ ಅಂಡ್ ಮಹೀಂದ್ರ ಎಂದಾಯಿತು. 1947ರಿಂದಲೇ ಅವರು ವಿಲ್ಲಿಸ್ ಜೀಪಿನ ಬಿಡಿಭಾಗಗಳನ್ನು ತರಿಸಿ ಮುಂಬಯಿಯಲ್ಲಿ ಜೋಡಿಸತೊಡಗಿದ್ದರು. ಎತ್ತರದ ಬಾನೆಟ್ಟಿನ ಸಿಜೆ-3ಬಿ ಎಂಬ ಮಾದರಿ ಅಮೆರಿಕದಲ್ಲಿ ಮರೆತುಹೋದ ಮೇಲೂ ನಮ್ಮಲ್ಲಿ ತಯಾರಾಗುತ್ತಲೇ ಇತ್ತು. ನಾನು ಬಾಲ್ಯದಲ್ಲಿ ಕಂಡ ಜೀಪುಗಳೆಲ್ಲ ಅದೇ.

ಕೊಳ್ಳೇಗಾಲ ಆಗ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಪಕ್ಕದ ಯಳಂದೂರು, ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಬಂದ ಊರು, ಮೈಸೂರಿನಲ್ಲಿತ್ತು. 1956ರ ನವೆಂಬರ್ 1ರಂದು ಕೊಳ್ಳೇಗಾಲವೂ ಮೈಸೂರು ರಾಜ್ಯಕ್ಕೆ ಸೇರಿತು. 1997ರಲ್ಲಿ ಚಾಮರಾಜನಗರ ಜಿಲ್ಲೆಯಾದಾಗ ಎರಡೂ ಅದರೊಳಗೆ ಬಂದವು. ಕೊಳ್ಳೇಗಾಲದ ಹೋಬಳಿಯಾಗಿದ್ದ ಹನೂರು ಈಗ ತಾನೇ ಒಂದು ತಾಲ್ಲೂಕು. ಎಲ್ಲೆಗಳು ಬದಲಾದವೇ ಹೊರತು ಕಾಡಿನ ದಾರಿ ಬದಲಾಗಲಿಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡುಗಳಿಂದಲಾಗಲಿ, ಮಾದಪ್ಪನ ಬೆಟ್ಟದ ಹಿಂದಿನ ಹಳ್ಳಿಗಳಿಂದಲಾಗಲಿ ಕಾಯಿಲೆಯವರನ್ನು ತರುತ್ತಿದ್ದದ್ದು ಡೋಲಿಯಲ್ಲಿ. ಉದ್ದನೆಯ ಬಿದಿರಿಗೆ ಕಂಬಳಿ ಕಟ್ಟಿ ಮಲಗಿಸಿ ಇಬ್ಬರೋ ನಾಲ್ವರೋ ಹೊತ್ತು ನಡೆಯುವುದು.

ಜೀಪು ಮೊದಲು ಬಂದದ್ದು ಸರ್ಕಾರದ ಜೊತೆ. 1952ರಲ್ಲಿ ಸಮುದಾಯ ಅಭಿವೃದ್ಧಿ ಯೋಜನೆ ಶುರುವಾದ ಮೇಲೆ ಬಿ.ಡಿ.ಒ. ಸಾಹೇಬರಿಗೆ ಜೀಪು, ಫಾರೆಸ್ಟಿನವರಿಗೆ ಜೀಪು, ಪೊಲೀಸರಿಗೆ ಜೀಪು. ಆರೋಗ್ಯ ಕೇಂದ್ರಗಳಿಗೆ ಯೂನಿಸೆಫ್ ಸಂಸ್ಥೆಯೂ ಜೀಪುಗಳನ್ನು ಕೊಟ್ಟಿತು. ಸಿಡುಬಿನ ಲಸಿಕೆ ಬಂದದ್ದೂ ಜೀಪಿನಲ್ಲಿಯೇ. ಆದರೆ 1975ರಿಂದ 77ರ ತುರ್ತು ಪರಿಸ್ಥಿತಿಯ ದಿನಗಳಲ್ಲಿ ಜೀಪಿನ ಸದ್ದು ಕೇಳಿದರೆ ಜನ ಹೊಲದೊಳಗೆ ಅಡಗುತ್ತಿದ್ದರು ಎಂದು ನಮ್ಮಜ್ಜಿ ಹೇಳುತ್ತಿದ್ದರು. ಆಪರೇಷನ್ನಿಗೆ ಹಿಡಿದೊಯ್ಯುತ್ತಾರೆಂಬ ಹೆದರಿಕೆ. ಒಂದೇ ಗಾಡಿ ಜೀವ ಉಳಿಸಲೂ ಬರುತ್ತಿತ್ತು, ಹೆದರಿಸಲೂ ಬರುತ್ತಿತ್ತು.

ಇನ್ನು ಸ್ಪ್ರಿಂಗಿನ ವಿಚಾರ. ಹಳೆಯ ಜೀಪಿನ ಅಡಿ ಬಗ್ಗಿ ನೋಡಿದರೆ ಬಿಲ್ಲಿನಂತೆ ಬಾಗಿದ ಉಕ್ಕಿನ ಪಟ್ಟಿಗಳು ಒಂದರ ಮೇಲೊಂದು ಜೋಡಿಸಿರುವುದು ಕಾಣುತ್ತದೆ. ಗ್ಯಾರೇಜಿನವರು ಅದಕ್ಕೆ ಕಮಾನು ಪ್ಲೇಟು ಎನ್ನುತ್ತಾರೆ. ಇದು ಮೋಟಾರಿಗಿಂತ ಹಳೆಯದು. 1804ರಲ್ಲಿ ಲಂಡನ್ನಿನ ಒಬಡೈಯ ಎಲಿಯಟ್ ಎಂಬಾತ ಕುದುರೆ ಸಾರೋಟಿಗೆ ಇಂಥ ಸ್ಪ್ರಿಂಗು ಮಾಡಿ ಹಕ್ಕುಪತ್ರ ಪಡೆದಿದ್ದ. ಪ್ಲೇಟು ಮುರಿದರೆ ಹಳ್ಳಿಯ ಕುಲುಮೆಯಲ್ಲೂ ಒಂದಿಷ್ಟು ಸುಧಾರಿಸಿಕೊಳ್ಳಬಹುದು, ಭಾರಕ್ಕೆ ಅಂಜುವುದಿಲ್ಲ. ಸೈನ್ಯಕ್ಕೆ ಅದು ಸಾಕಾಗಿತ್ತು.

ನಮ್ಮ ತಂದೆ ಇದನ್ನು ಬಿದಿರಿನ ಲೆಕ್ಕದಲ್ಲಿ ಹೇಳಿಕೊಟ್ಟಿದ್ದರು. ಗಿಡ್ಡ ಬಿದಿರು ಬಾಗುವುದಿಲ್ಲ, ಉದ್ದ ಬಿದಿರು ಮೆತ್ತಗೆ ತೂಗುತ್ತದೆ. ಪ್ಲೇಟೂ ಹಾಗೆಯೇ. ಅಗಲ, ದಪ್ಪ ಅಷ್ಟೇ ಇದ್ದು ಉದ್ದ ಎರಡರಷ್ಟಾದರೆ ಅದರ ಬಿಗಿ ಎಂಟರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಗಿಡ್ಡ ಜೀಪಿನಲ್ಲಿ ಉದ್ದ ಪ್ಲೇಟಿಗೆ ಜಾಗವೇ ಕಡಿಮೆ, ಹಾಗಾಗಿ ಅದು ಬಿಗಿಯೇ. ಜೊತೆಗೆ ಆರು ಇಂಚಿನ ಕಲ್ಲನ್ನು ಹಿಂದಿನ ಗಾಲಿ ಹತ್ತಿದಾಗ 80 ಇಂಚಿನ ಗಾಡಿ ವಾಲುವಷ್ಟು 91 ಇಂಚಿನದು ವಾಲುವುದಿಲ್ಲ. ಇದು ಏಳನೇ ತರಗತಿಯ ಗಣಿತ. ಮುಂದೆ ಕೂತವರು ಎರಡು ಗಾಲಿಗಳ ನಡುವೆ ಇರುತ್ತಾರೆ, ಏಟು ಹಂಚಿಹೋಗುತ್ತದೆ. ಹಿಂದೆ ಕೂತವರು ಗಾಲಿಯ ನೆತ್ತಿಯ ಮೇಲೆಯೇ ಇರುತ್ತಾರೆ, ಏಟು ಪೂರ್ತಿ ಅವರಿಗೆ.

ಇದು ನನಗೆ ಮೈಗೆ ಹತ್ತಿದ ಪಾಠ. 1990ರ ದಶಕದ ಕೊನೆಯಲ್ಲಿ ಒಂದು ಚುನಾವಣೆ ಕೆಲಸಕ್ಕೆ ಹನೂರಿನ ಆಚೆಯ ಬೂತಿಗೆ ಜೀಪಿನ ಹಿಂದಿನ ಸೀಟಿನಲ್ಲಿ ಮತಪೆಟ್ಟಿಗೆ ತಬ್ಬಿಕೊಂಡು ಹೋಗಿದ್ದೆ. ಬೂತು ತಲುಪಿದಾಗ ನೆಟ್ಟಗೆ ನಿಲ್ಲಲು ಸ್ವಲ್ಪ ಹೊತ್ತು ಬೇಕಾಯಿತು. ಅಲ್ಲಿ ಅಡಿಗೆ ಮಾಡಿಕೊಟ್ಟ ಮುದುಕಿಯೊಬ್ಬಳು ನನ್ನ ಅವಸ್ಥೆ ನೋಡಿ, ತನ್ನ ಮೊದಲ ಹೆರಿಗೆಗೆ ಡೋಲಿಯಲ್ಲಿ ಹೋದದ್ದನ್ನೂ ಕೊನೆಯದಕ್ಕೆ ಜೀಪಿನಲ್ಲಿ ಹೋದದ್ದನ್ನೂ ಹೇಳಿ, “ಡೋಲಿ ತಡ ಕಣವ್ವ, ಆದ್ರೆ ನೋವು ಕಡ್ಮೆ” ಎಂದಳು. ಜೀಪಿನ ವೇಗವೂ ಡೋಲಿಯ ಮೆತ್ತನೆಯೂ ಒಂದೇ ಗಾಡಿಯಲ್ಲಿ ಸಿಗುವುದು ಹೇಗೆ?

ಆ ವರ್ಷಗಳಲ್ಲಿ ನಮ್ಮ ಕಡೆ ಗಾಡಿ ಸಿಕ್ಕರೂ ಹೋಗುವ ಧೈರ್ಯ ಸಿಗುತ್ತಿರಲಿಲ್ಲ. ವೀರಪ್ಪನ್‌ನ ಕಾಲ. 1991ರ ನವೆಂಬರ್ 10ರಂದು ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರನ್ನು ಅವನು ಕೊಂದ. ಗೋಪಿನಾಥಂನ ಜನ ಶ್ರೀನಿವಾಸರನ್ನು ಇಂದಿಗೂ ಕೈಮುಗಿದು ನೆನೆಯುತ್ತಾರೆ. ಅವರು ಓಡಾಡುತ್ತಿದ್ದ ಜೀಪನ್ನು ಮೂರು ದಶಕಗಳ ಮೇಲೆ ಅರಣ್ಯ ಇಲಾಖೆಯವರು ಹುಡುಕಿ ತಂದು ದುರಸ್ತಿ ಮಾಡಿಸಿ ನೆನಪಿಗೆ ಇಟ್ಟುಕೊಂಡಿದ್ದಾರೆ. 1992ರ ಆಗಸ್ಟ್ 14ರಂದು ಮೀಣ್ಯಂ ಬಳಿ ಎಸ್.ಪಿ. ಹರಿಕೃಷ್ಣ, ಎಸ್.ಐ. ಶಕೀಲ್ ಅಹಮದ್ ಬಲಿಯಾದರು. 1993ರ ಏಪ್ರಿಲ್ 9ರಂದು ಪಾಲಾರ್ ಬಳಿ ನೆಲಬಾಂಬು ಸಿಡಿದು 22 ಜನ ಸತ್ತರು. ಸಂಜೆಯಾದರೆ ಕಾಡುದಾರಿಗೆ ಬಾಡಿಗೆ ಜೀಪು ಬರುತ್ತಿರಲಿಲ್ಲ. ಹೆರಿಗೆ ನೋವು ಹಗಲನ್ನು ಕಾದು ಬರುವುದಿಲ್ಲವಲ್ಲ. 2004ರ ಅಕ್ಟೋಬರ್ 18ರಂದು ಅವನು ಸತ್ತ ಮೇಲೆ ಭಯವೇನೋ ಹೋಯಿತು. 2008ರ ನವೆಂಬರ್ 1ರಿಂದ 108 ಆಂಬುಲೆನ್ಸ್ ಬಂತು. ಆದರೆ ಆ ಉದ್ದ ವ್ಯಾನು ಡಾಂಬರು ಮುಗಿದ ಕಡೆ ನಿಲ್ಲುತ್ತದೆ. ಅಲ್ಲಿಂದ ಒಳಗಿನ ದಾರಿ ಇಂದಿಗೂ ಗಿಡ್ಡ ಜೀಪಿನದೇ.

ಸರಿ, ಸಂಘದವರ ಮುಂದೆ ಇದ್ದದ್ದು ಮೂರು ಗಾಡಿ. ಮೊದಲನೆಯದು 80 ಇಂಚಿನ ಹಳೆಯ ಸಿಜೆ-3ಬಿ. ನೋಡಲು ಚೆಂದ, ಸಂಗ್ರಹಿಸುವವರು ಬೆಲೆ ಏರಿಸಿದ್ದಾರೆ. ರೋಗಿಯನ್ನು ಮಲಗಿಸಲು ಜಾಗವಿಲ್ಲ. ಎರಡನೆಯದು ಮಾರುತಿ ಜಿಪ್ಸಿ. 1985ರ ಕೊನೆಯಲ್ಲಿ ಬಂದು 2019ರವರೆಗೆ ತಯಾರಾದ ಪೆಟ್ರೋಲ್ ಗಾಡಿ. ತೂಕ ಒಂದು ಟನ್ನಿನ ಆಸುಪಾಸು, ಕೆಸರಿನಲ್ಲಿ ಸಿಕ್ಕಿಕೊಂಡರೆ ನಾಲ್ಕು ಜನ ನೂಕಿ ಎತ್ತಬಹುದು. ವ್ಹೀಲ್‌ಬೇಸ್ 93 ಇಂಚಿಗೂ ಸ್ವಲ್ಪ ಹೆಚ್ಚು. ಆದರೆ ಕೊನೆಯವರೆಗೂ ನಾಲ್ಕು ಕಡೆಯೂ ಪ್ಲೇಟು ಸ್ಪ್ರಿಂಗೇ. ಹಗುರ ಗಾಡಿ ಖಾಲಿ ಓಡಿದರೆ ಹಿಂದೆ ಕುಪ್ಪಳಿಸುತ್ತದೆ. ಮೂರನೆಯದು ಮಹೀಂದ್ರ ಎಂಎಂ-540. ಇದೂ 1985ರಲ್ಲಿ ಬಂದದ್ದೇ, 91 ಇಂಚು, ಪ್ಯೂಜೊ ಮೂಲದ ಡೀಸೆಲ್ ಎಂಜಿನ್ನು, ನಿಧಾನಕ್ಕೆ ಎಳೆಯುವ ಜಾಣತನ, ಬಿಡಿಭಾಗ ನಮ್ಮ ಕಡೆ ಸಿಗುತ್ತವೆ. ಮೆತ್ತನೆಯ ಸುರುಳಿ ಸ್ಪ್ರಿಂಗಿನ ಜೀಪು ಬೇಕೆಂದರೆ 2020ರ ಹೊಸ ಥಾರ್‌ನಂಥದ್ದು ಬೇಕು. ಸಂಘದ ಪಾಸ್‌ಬುಕ್ಕಿಗೆ ಅದು ಎಟುಕದು. ಸರ್ಕಾರಿ ಹರಾಜಿನ ಹಳೆಯ ಜೀಪಿನ ಆಸೆಯನ್ನೂ ಬಿಡಬೇಕಾಯಿತು. 2023ರ ಏಪ್ರಿಲ್‌ನಿಂದ 15 ವರ್ಷ ದಾಟಿದ ಸರ್ಕಾರಿ ಗಾಡಿಗಳು ಗುಜರಿಗೇ ಹೋಗಬೇಕೆಂದು ನಿಯಮವಾಗಿದೆ.

ಕೊನೆಗೆ 540 ಎಂದು ಗೊತ್ತಾಯಿತು. ನೋಡಲು ನಾನೂ ಹೋಗಿದ್ದೆ. ಮಾರುವವನು ಎಂಜಿನ್ ಸ್ಟಾರ್ಟ್ ಮಾಡಿ ತೋರಿಸುತ್ತಿದ್ದರೆ ನಾವು ಹೆಂಗಸರು ಕೆಳಗೆ ಬಗ್ಗಿ ನೋಡಿದೆವು. ಸ್ವಲ್ಪ ದೂರ ನಿಂತು ಹಿಂದಿನಿಂದ ನೋಡಿದರೆ ಗಾಡಿ ಒಂದು ಕಡೆ ವಾಲಿರಬಾರದು. ವಾಲಿದ್ದರೆ ಆ ಬದಿಯ ಪ್ಲೇಟು ಸೋತಿದೆ. ಉದ್ದನೆಯ ಮುಖ್ಯ ಪ್ಲೇಟಿನ ಕಿವಿಯ ಹತ್ತಿರ ಬಿರುಕಿದೆಯೇ, ಪ್ಲೇಟುಗಳನ್ನು ಹಿಡಿದ ನಡುಬೋಲ್ಟು ತುಂಡಾಗಿದೆಯೇ, ಸ್ಪ್ರಿಂಗು ತೂಗುವ ಜಾಗದಲ್ಲಿ ಚಾಸಿಗೆ ತುಕ್ಕು ಹಿಡಿದಿದೆಯೇ ಎಂದು ಟಾರ್ಚು ಬಿಟ್ಟು ನೋಡಬೇಕು. ಮೂಲೆಯೊಂದನ್ನು ಅದುಮಿ ಬಿಟ್ಟರೆ ಗಾಡಿ ಒಂದು ಸಲ ಎದ್ದು ನಿಲ್ಲಬೇಕು. ಕುಣಿಯುತ್ತಲೇ ಇದ್ದರೆ ಷಾಕ್ ಅಬ್ಸಾರ್ಬರ್ ಹೋಗಿದೆ ಎಂದರ್ಥ.

ಆ ಜೀಪಿನ ಹಿಂದೆ ಯಾರೋ ಹೊರೆ ಸಾಗಿಸಲು ಎರಡು ಪ್ಲೇಟು ಹೆಚ್ಚಿಗೆ ಸೇರಿಸಿದ್ದರು. ಗ್ಯಾರೇಜಿನ ಹುಡುಗ ಇನ್ನೂ ಒಂದು ಸೇರಿಸಿ ಎತ್ತರ ಮಾಡೋಣ, ಗತ್ತಾಗಿ ಕಾಣುತ್ತದೆ ಎಂದ. ನಮ್ಮ ಹುಡುಗಿ, “ಗತ್ತು ಬ್ಯಾಡ, ಆ ಎರಡು ಬಿಚ್ಚು” ಎಂದಳು. ಸರಿಯಾದ ಮಾತು. ಎತ್ತರಿಸಿದ ಗಿಡ್ಡ ಗಾಡಿ ತಿರುವಿನಲ್ಲಿ ಮಗುಚುವ ಭಯ ಹೆಚ್ಚು, ಕಂಪನಿ ಮಾಡಿದ್ದನ್ನು ಮನಬಂದಂತೆ ಬದಲಿಸುವುದು ಕಾನೂನಿಗೂ ಸಲ್ಲದು. ಪ್ಲೇಟುಗಳನ್ನು ಬಿಚ್ಚಿಸಿ, ತುಕ್ಕು ಉಜ್ಜಿಸಿ, ನಡುವೆ ಗ್ರೀಸು ಹಚ್ಚಿಸಿ ಜೋಡಿಸಿದೆವು. ತುಕ್ಕು ಹಿಡಿದ ಪ್ಲೇಟುಗಳು ಒಂದರ ಮೇಲೊಂದು ಜಾರದೆ ಒಂದೇ ದಿಮ್ಮಿಯಂತೆ ಕೂತುಬಿಡುತ್ತವೆ. ಸವೆದ ರಬ್ಬರ್ ಬುಷ್ಷು, ನಾಲ್ಕೂ ಷಾಕ್ ಅಬ್ಸಾರ್ಬರ್ ಹೊಸದು ಹಾಕಿಸಿದರು. ಒಂದು ಪಕ್ಕದ ಸೀಟು ತೆಗೆದು ಉದ್ದ ಹಲಗೆ, ಅದರ ಮೇಲೆ ಹತ್ತಿಯ ಹಾಸಿಗೆ. ತಲೆ ಮುಂದಕ್ಕೆ, ಡ್ರೈವರಿನ ಬೆನ್ನ ಕಡೆಗೆ ಬರುವಂತೆ ಮಲಗಿಸಬೇಕು. ಎರಡು ಗಾಲಿಗಳ ನಡುವಿನಲ್ಲಿ ಕುಲುಕು ಕಡಿಮೆ. ಗಾಡಿ ತೀರ ಖಾಲಿಯಿದ್ದರೆ ಒಂದು ಮರಳಿನ ಚೀಲ ಹಾಕಿಕೊಳ್ಳಬೇಕು, ಪ್ಲೇಟು ಸ್ವಲ್ಪ ಇಳಿದು ಮೆತ್ತಗಾಗುತ್ತದೆ. ಇಷ್ಟೆಲ್ಲ ಮಾಡಿದ ಮೇಲೂ ಅದು ಡೋಲಿಯಾಗಲಿಲ್ಲ. ಮೊದಲಿಗಿಂತ ತಾಳಿಕೊಳ್ಳುವಂತಾಯಿತು.

2024ರ ಏಪ್ರಿಲ್ 26ರಂದು ಮಾದಪ್ಪನ ಬೆಟ್ಟದ ಬಳಿಯ ಇಂಡಿಗನತ್ತದಲ್ಲಿ ಮತಗಟ್ಟೆ ಧ್ವಂಸವಾಯಿತು, ಮೂರು ದಿನದ ಮೇಲೆ ಮರುಮತದಾನ ನಡೆಯಿತು. ಮತಗಟ್ಟೆ ಒಡೆಯುವುದನ್ನು ಯಾರೂ ಒಪ್ಪಲಾರರು. ಆದರೆ ರಸ್ತೆ ಕೇಳಿ ಕೇಳಿ ಸೋತವರ ಸಿಟ್ಟು ಎಲ್ಲಿಂದ ಬಂತೆಂದು ಆ ದಾರಿಯಲ್ಲಿ ಹಿಂದಿನ ಸೀಟಿನಲ್ಲಿ ಕೂತು ಬಂದವರಿಗೆ ಗೊತ್ತಿದೆ. ಕಾಡು ಉಳಿಯಬೇಕು, ಜನವೂ ಉಳಿಯಬೇಕು. ಅದು ತೀರ್ಮಾನವಾಗುವವರೆಗೆ ಯಾರೋ ಒಬ್ಬರು ರಾತ್ರಿ ಹೊತ್ತಿನಲ್ಲಿ ಜೀಪು ಹೊರಡಿಸಲೇಬೇಕು.

ನಿಮ್ಮ ಮನೆಯಲ್ಲೂ ಹಳೆಯ ಜೀಪು ಕೊಳ್ಳುವ ಮಾತು ಬಂದರೆ ಗಂಡಸರು ಎಂಜಿನ್ ನೋಡಲಿ, ಬೇಡವೆನ್ನುವುದಿಲ್ಲ. ನೀವು ಹೋಗಿ ಹಿಂದೆ ಕುಳಿತು, ಒಂದು ಮೈಲಿ ಕಲ್ಲುದಾರಿಯಲ್ಲಿ ಓಡಿಸಲು ಹೇಳಿ. ಆಮೇಲೆ ಬೆಲೆ ಮಾತಾಡಿ. ಸಂಘದ ಜೀಪು ಈವರೆಗೆ ನಾಲ್ವರು ಬಸುರಿಯರನ್ನು ಡಾಂಬರಿನವರೆಗೆ ತಲುಪಿಸಿದೆ ಎಂದು ಮೊನ್ನೆ ಫೋನು ಬಂದಿತ್ತು. ನಾಲ್ಕನೆಯವಳು ಆ ನಾದಿನಿಯೇ. ಹೆಣ್ಣು ಮಗುವಂತೆ, ಇಬ್ಬರೂ ಚೆನ್ನಾಗಿದ್ದಾರೆ.