ನೌಕರಿಯ ಬಾಗಿಲಲ್ಲಿ ಇಂಗ್ಲಿಷ್ ವ್ಯಾಕರಣ

‘ಎರಡು ಗಂಟೆಯಿಂದ ಕಾಯುತ್ತಿದ್ದೇನೆ’ ಎಂದರೆ ಗಡಿಯಾರ ಎರಡು ಹೊಡೆದಾಗಿನಿಂದಲೋ, ಎರಡು ತಾಸಿನಿಂದಲೋ? ಕನ್ನಡದಲ್ಲಿ ಎರಡಕ್ಕೂ ‘ಇಂದ’ ಸಾಕು. ಕೇಳುವವರು ಸಂದರ್ಭ ನೋಡಿ ತಿಳಿದುಕೊಳ್ಳುತ್ತಾರೆ. ಇಂಗ್ಲಿಷಿನಲ್ಲಿ ಹಾಗಲ್ಲ. ಮೊದಲನೆಯದಕ್ಕೆ ‘ಸಿನ್ಸ್’, ಎರಡನೆಯದಕ್ಕೆ ‘ಫಾರ್’. ಇನ್ನು ‘ದಿ’ ಎಂಬ ಪುಟ್ಟ ಪದಕ್ಕಂತೂ ಕನ್ನಡದಲ್ಲಿ ಜೋಡಿಯೇ ಇಲ್ಲ. ಸ್ಪರ್ಧಾತ್ಮಕ ಪರೀಕ್ಷೆಗೆ ಕುಳಿತ ನಮ್ಮ ಹುಡುಗ ಹುಡುಗಿಯರು ಎಡವುವುದು ಇಂಥಲ್ಲೇ. ‘ವಾಕ್ಯದಲ್ಲಿನ ತಪ್ಪನ್ನು ಗುರುತಿಸಿ’ ಎಂಬ ಪ್ರಶ್ನೆಗೆ ಇವು ಹೇಳಿ ಮಾಡಿಸಿದ ಸಾಮಗ್ರಿ.

ನೌಕರಿಗೂ ಇಂಗ್ಲಿಷಿಗೂ ಈ ಗಂಟು ಬಿದ್ದು ಬಹಳ ಕಾಲವಾಯಿತು. 1844ರಲ್ಲಿ ಗವರ್ನರ್ ಜನರಲ್ ಹಾರ್ಡಿಂಜ್, ಇಂಗ್ಲಿಷ್ ಶಿಕ್ಷಣ ಪಡೆದವರಿಗೆ ಸರ್ಕಾರಿ ಕೆಲಸದಲ್ಲಿ ಆದ್ಯತೆ ಎಂದು ಸಾರಿದರು. ಅಲ್ಲಿಂದ ಇಂಗ್ಲಿಷ್ ಬರೀ ವಿದ್ಯೆಯಾಗಿ ಉಳಿಯಲಿಲ್ಲ, ಅನ್ನದ ಮಾತಾಯಿತು. ಹತ್ತು ವರ್ಷಗಳ ಬಳಿಕ ಮೆಕಾಲೆ ಸಮಿತಿ ಸಿವಿಲ್ ಸರ್ವಿಸ್‌ಗೆ ಸ್ಪರ್ಧಾ ಪರೀಕ್ಷೆಯನ್ನು ಶಿಫಾರಸು ಮಾಡಿತು. ಅದು ಸೂಚಿಸಿದ ಅಂಕಗಳನ್ನು ನೋಡಿ: ಇಂಗ್ಲಿಷ್ ಪ್ರಬಂಧ ರಚನೆಗೆ 500, ಗ್ರೀಕ್‌ಗೆ 750, ಲ್ಯಾಟಿನ್‌ಗೆ 750. ಸಂಸ್ಕೃತಕ್ಕೆ 375! ಆಳಬೇಕಾದದ್ದು ಭಾರತವನ್ನು. 1855ರಲ್ಲಿ ಆರಂಭವಾದ ಪರೀಕ್ಷೆ ನಡೆಯುತ್ತಿದ್ದುದು ಲಂಡನ್ನಿನಲ್ಲಿ. 1863ರಲ್ಲಿ ಸತ್ಯೇಂದ್ರನಾಥ ಟಾಗೋರ್ ಅದರಲ್ಲಿ ತೇರ್ಗಡೆಯಾದ ಮೊದಲ ಭಾರತೀಯರಾದರು. ಭಾರತದ ನೆಲದಲ್ಲೇ ಪರೀಕ್ಷೆ ಬರೆಯುವ ಅವಕಾಶಕ್ಕೆ 1922ರವರೆಗೆ ಕಾಯಬೇಕಾಯಿತು.

ಸ್ವಾತಂತ್ರ್ಯಾನಂತರವೂ ಬಾಗಿಲು ಪೂರ್ತಿ ತೆರೆಯಲಿಲ್ಲ. ಕೊಠಾರಿ ಸಮಿತಿಯ ವರದಿಯಂತೆ 1979ರಿಂದ ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಲ್ಲಿ ಸಿವಿಲ್ ಸರ್ವಿಸಸ್‌ನ ಮುಖ್ಯ ಪರೀಕ್ಷೆ ಬರೆಯುವುದು ಸಾಧ್ಯವಾಯಿತು. ಆದರೆ ಮೆಟ್ರಿಕ್ ಮಟ್ಟದ ಒಂದು ಇಂಗ್ಲಿಷ್ ಪತ್ರಿಕೆ ಕಡ್ಡಾಯವಾಗಿ ಉಳಿಯಿತು. ಅದರ ಅಂಕ ರ‍್ಯಾಂಕಿಗೆ ಸೇರುವುದಿಲ್ಲ. ಅದರಲ್ಲಿ ಅರ್ಹತೆಯ ಅಂಕ ಬಾರದಿದ್ದರೆ ಮಾತ್ರ, ಉಳಿದದ್ದನ್ನು ಕನ್ನಡದಲ್ಲಿ ಎಷ್ಟೇ ಚೆನ್ನಾಗಿ ಬರೆದಿದ್ದರೂ ಲೆಕ್ಕಕ್ಕಿಲ್ಲ. 2011ರಲ್ಲಿ ಪ್ರಾಥಮಿಕ ಹಂತಕ್ಕೂ ಇಂಗ್ಲಿಷ್ ಗ್ರಹಿಕೆಯ ಪ್ರಶ್ನೆಗಳು ಬಂದವು. 2014ರಲ್ಲಿ ದೆಹಲಿಯಲ್ಲಿ ಅಭ್ಯರ್ಥಿಗಳು ಬೀದಿಗಿಳಿದ ಮೇಲೆ ಸರ್ಕಾರ ಆ ಅಂಕಗಳನ್ನು ಕೈಬಿಟ್ಟಿತು.

ಕಚೇರಿ ಕೆಲಸಕ್ಕೆ ಇಂಗ್ಲಿಷ್ ಬೇಡವೆಂದು ಯಾರೂ ವಾದಿಸರು. ಆದರೆ ಕೆಲಸಕ್ಕೆ ಬೇಕಾದದ್ದು ಒಂದು ಪತ್ರವನ್ನು ಓದಿ ಉತ್ತರಿಸುವ ಶಕ್ತಿ. ಲಕ್ಷಗಟ್ಟಲೆ ಉತ್ತರ ಪತ್ರಿಕೆಗಳಲ್ಲಿ ಅದನ್ನು ಅಳೆಯುವುದು ಕಷ್ಟ; ನಾಲ್ಕು ಆಯ್ಕೆಗಳಲ್ಲಿ ಸರಿಯಾದ ಒಂದಕ್ಕೆ ಗುರುತು ಹಾಕಿಸಿ ಯಂತ್ರಕ್ಕೆ ಕೊಡುವುದು ಸುಲಭ. ‘ಸಿನ್ಸ್’, ‘ಫಾರ್’ಗಳಿಗೆ ಇಷ್ಟೊಂದು ಬೆಲೆ ಬರಲು ಈ ಸುಲಭವೂ ಒಂದು ಕಾರಣ. ಬ್ಯಾಂಕ್ ಗುಮಾಸ್ತರ ಪರೀಕ್ಷೆಯನ್ನು ಕನ್ನಡದಲ್ಲೂ ನಡೆಸಬೇಕೆಂದು ಹಣಕಾಸು ಸಚಿವಾಲಯ 2021ರಲ್ಲಿ ಶಿಫಾರಸು ಮಾಡಿತು. ಈಗ ಗಣಿತ, ತರ್ಕದ ಪ್ರಶ್ನೆಗಳು ಕನ್ನಡದಲ್ಲಿ ಸಿಗುತ್ತವೆ. ಇಂಗ್ಲಿಷ್ ವಿಭಾಗ ಹಾಗೆಯೇ ಇದೆ.