ತಲೆ ಎತ್ತಿ ಈಜಿದರೆ ಮುಳುಗುವುದಿಲ್ಲವೇ?

ಶಿರಾ ತಾಲ್ಲೂಕಿನ ಗೌಡಗೆರೆಯಾಗಲಿ, ಪಕ್ಕದ ಮಧುಗಿರಿ, ಕೊರಟಗೆರೆ, ಪಾವಗಡದ ಸೀಮೆಯಾಗಲಿ, ತೆರೆದ ಬಾವಿಗಳಲ್ಲಿ ನೀರಿದ್ದ ಕಾಲದಲ್ಲಿ ಈಜು ಕಲಿಸುತ್ತಿದ್ದ ರೀತಿ ಹೆಚ್ಚುಕಡಿಮೆ ಒಂದೇ. ಸೊಂಟಕ್ಕೆ ಬೆಂಡನ್ನೋ ಒಣ ಸೋರೆಬುರುಡೆಯನ್ನೋ ಕಟ್ಟಿ ನೀರಿಗಿಳಿಸಿ, 'ತಲೆ ಎತ್ತು, ತಲೆ ಎತ್ತು' ಎಂದು ಮೇಲಿನಿಂದ ಕೂಗುವುದು. ತಲೆ ನೀರಿನ ಮೇಲಿದ್ದರೆ ಮುಳುಗುವುದಿಲ್ಲ ಎಂಬ ನಂಬಿಕೆ ಇಂದಿಗೂ ಇದೆ. ನಿಜವಾಗಿ ಆ ಮಕ್ಕಳನ್ನು ತೇಲಿಸುತ್ತಿದ್ದದ್ದು ಎತ್ತಿದ ತಲೆಯಲ್ಲ, ಸೊಂಟದ ಬೆಂಡು.

ನಮ್ಮ ತಲೆಯ ತೂಕ ಸುಮಾರು ನಾಲ್ಕೂವರೆಯಿಂದ ಐದು ಕಿಲೋ. ಅದು ನೀರಿನೊಳಗಿದ್ದಾಗ ಬಹುಪಾಲು ಭಾರವನ್ನು ನೀರೇ ಹೊರುತ್ತದೆ. ಹೊರಗೆ ಎತ್ತಿದೊಡನೆ ಆ ಭಾರವೆಲ್ಲ ದೇಹದ ಮೇಲೆ ಬೀಳುತ್ತದೆ. ಗಾಳಿ ತುಂಬಿದ ಶ್ವಾಸಕೋಶದಿಂದ ಎದೆ ತೇಲುತ್ತದೆ; ಮೂಳೆ ಮತ್ತು ಸ್ನಾಯುಗಳೇ ಹೆಚ್ಚಿರುವ ಕಾಲುಗಳು ಮುಳುಗುತ್ತವೆ. ಹಾಗಾಗಿ ಮನುಷ್ಯ ನೀರಿನಲ್ಲಿ ಏತದ ಮರವಿದ್ದಂತೆ: ಒಂದು ತುದಿ ಎದ್ದರೆ ಇನ್ನೊಂದು ಇಳಿಯುತ್ತದೆ. ಕಾಲು ಇಳಿದ ದೇಹಕ್ಕೆ ನೀರು ಹೆಚ್ಚು ಅಡ್ಡ ಬರುತ್ತದೆ, ಈಜುವವರು ಬೇಗ ಸುಸ್ತಾಗುತ್ತಾರೆ. ಸುಸ್ತಾದಷ್ಟೂ ಗಾಬರಿ, ಗಾಬರಿಯಾದಷ್ಟೂ ತಲೆ ಇನ್ನೂ ಮೇಲಕ್ಕೆ.

ಫ್ರೀಸ್ಟೈಲ್‌ನಲ್ಲಿ ತಲೆ ಬೆನ್ನುಮೂಳೆಯ ನೇರಕ್ಕೆ ಇರಬೇಕು. ಕಣ್ಣು ಕೊಳದ ತಳದತ್ತ, ಬೇಕಾದರೆ ಕೊಂಚ ಮುಂದಕ್ಕೆ. 'ತಲೆ ಬಗ್ಗಿಸು' ಎನ್ನುವುದೂ ಸರಿಯಲ್ಲ, ಮಕ್ಕಳು ಗದ್ದವನ್ನು ಎದೆಗೆ ಒತ್ತಿಬಿಡುತ್ತಾರೆ. 'ತಳದ ಕಪ್ಪು ಗೆರೆ ನೋಡು' ಎಂದರೆ ಸಾಕು. ಹಿಂದೆ ತರಬೇತುದಾರರೂ ಮುಂದೆ ನೋಡಿ, ನೀರು ಹಣೆಯ ಕೂದಲಂಚಿಗೆ ತಾಗಲಿ ಎನ್ನುತ್ತಿದ್ದರು. ಒಲಿಂಪಿಕ್ಸ್‌ನ ಕೆಲವು ಓಟದ ಈಜುಗಾರರು ಇಂದಿಗೂ ತಲೆ ಸ್ವಲ್ಪ ಎತ್ತಿಯೇ ಈಜುತ್ತಾರೆ. ಅವರ ಸೊಂಟವನ್ನು ಮೇಲೆ ಹಿಡಿಯಲು ಬಲವಾದ ಕಾಲ್ಬಡಿತವಿದೆ, ಕಲಿಯುವವರಿಗೆ ಅದಿಲ್ಲ.

ಉಸಿರಿಗೆ ಏನು ಮಾಡುವುದು? ತಲೆ ಎತ್ತುವುದಲ್ಲ, ಹೊರಳಿಸುವುದು. ಭುಜದೊಂದಿಗೆ ತಲೆಯೂ ಪಕ್ಕಕ್ಕೆ ತಿರುಗಬೇಕು, ಒಂದು ಕಣ್ಣು ನೀರಲ್ಲೇ ಉಳಿಯಬೇಕು. ಮುಂದೆ ಸಾಗುವ ತಲೆ ಎಬ್ಬಿಸುವ ಅಲೆಯ ಹಿಂದೆಯೇ ಒಂದು ತಗ್ಗು ಉಂಟಾಗುತ್ತದೆ, ಬಾಯಿಗೆ ಅಷ್ಟೇ ಜಾಗ ಸಾಕು. ಉಸಿರನ್ನು ಮುಖ ನೀರಲ್ಲಿರುವಾಗಲೇ ಬಿಟ್ಟು ಮುಗಿಸಿರಬೇಕು. ಬಹುತೇಕರು ತಲೆ ಎತ್ತುವುದು ಇದನ್ನು ಮಾಡದೆ, ಬಿಡುವುದನ್ನೂ ಎಳೆಯುವುದನ್ನೂ ಒಟ್ಟಿಗೆ ಮಾಡಲು ಹೋಗಿಯೇ.

ಕಲಿಸುವವರು ವಿವರಿಸುವುದಕ್ಕಿಂತ ತೋರಿಸಿಬಿಡುವುದು ಮೇಲು. ಸೊಂಟದ ಮಟ್ಟದ ನೀರಲ್ಲಿ ಮಗು ಉಸಿರು ಹಿಡಿದು, ಮುಖ ಮುಳುಗಿಸಿ, ಕೈ ಚಾಚಿ ತೇಲಲಿ. ಆಮೇಲೆ ತಲೆ ಎತ್ತಲಿ. ಕಾಲು ಜಾರಿ ಕೆಳಗಿಳಿಯುವುದು ಅದಕ್ಕೇ ಗೊತ್ತಾಗುತ್ತದೆ.

ಈ ಅಭ್ಯಾಸ ಆಳ ತಿಳಿದ, ತಿಳಿನೀರಿನ ಈಜುಕೊಳದಲ್ಲಿ ಮಾತ್ರ, ಈಜು ಬಲ್ಲ ದೊಡ್ಡವರು ಕೈಗೆಟಕುವಷ್ಟು ಹತ್ತಿರ ಇರುವಾಗ ನಡೆಯಬೇಕು. ಬಯಲುಸೀಮೆಯಲ್ಲಿ ಬಾವಿಗಳು ಬತ್ತಿ, ಈಗ ಹೊಲಗಳಲ್ಲಿ ಕೃಷಿಹೊಂಡಗಳಿವೆ. ಅವುಗಳ ಇಳಿಜಾರಿಗೆ ಹಾಸಿದ ಪ್ಲಾಸ್ಟಿಕ್ ಒದ್ದೆಯಾದರೆ ಜಾರುತ್ತದೆ, ಹಿಡಿಯಲು ಮೆಟ್ಟಿಲಿಲ್ಲ, ಈಜು ಬಲ್ಲವರಿಗೂ ಮೇಲೆ ಬರುವುದು ಕಷ್ಟ. ಆಕಸ್ಮಿಕವಾಗಿ ನೀರಿಗೆ ಬಿದ್ದವರು ತಲೆ ಎತ್ತಿ ಒದ್ದಾಡದೆ, ಕಿವಿ ಮುಳುಗುವಷ್ಟು ತಲೆ ಹಿಂದಕ್ಕೆ ಚೆಲ್ಲಿ ಅಂಗಾತ ತೇಲಬೇಕು. ದಡದಲ್ಲಿರುವವರು ನೀರಿಗೆ ಹಾರದೆ, ಹಗ್ಗವನ್ನೋ ಖಾಲಿ ಕ್ಯಾನನ್ನೋ ಎಸೆಯಬೇಕು.